ಗೋಡೆ ಬಿದ್ದರೂ ನಗದವನು

ನಮ್ಮ ಆಫೀಸಿನ ಗ್ರೂಪಿನಲ್ಲಿ ಒಂದು ಚಿಕ್ಕ ವಿಡಿಯೊ ಆಗಾಗ ಬರುತ್ತಿರುತ್ತದೆ. ನೀವೂ ನೋಡಿರ್ತೀರಿ. ಕಪ್ಪುಬಿಳುಪು ಚಿತ್ರ. ಜೋರು ಬಿರುಗಾಳಿ. ಒಬ್ಬ ಸಣ್ಣ ಆಳು ಬೀದಿಯಲ್ಲಿ ದಿಕ್ಕು ತೋಚದೆ ನಿಂತಿದ್ದಾನೆ. ಅವನ ಬೆನ್ನ ಹಿಂದಿನ ಮನೆಯ ಇಡೀ ಮುಂಗೋಡೆ ಕಳಚಿಕೊಂಡು ಅವನ ಮೇಲೇ ಬೀಳುತ್ತದೆ. ಮೇಲಂತಸ್ತಿನ ತೆರೆದ ಕಿಟಕಿ ಸರಿಯಾಗಿ ಅವನು ನಿಂತ ಜಾಗಕ್ಕೇ ಬರುತ್ತದೆ. ಧೂಳೆದ್ದು ಇಳಿದಾಗ ನೋಡಿದರೆ ಆಸಾಮಿ ನಿಂತಲ್ಲೇ ನಿಂತಿದ್ದಾನೆ, ಒಂದು ಗೀರೂ ಬಿದ್ದಿಲ್ಲ. ರಿಲೀಸ್ ದಿನ ಸರ್ವರ್ ಮಲಗಿದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಹಾಕಿ, ಕೆಳಗೆ 'ನಾನು' ಅಂತ ಬರೀತಾರೆ. ಎಲ್ಲರೂ ನಗುತ್ತಾರೆ. ಮತ್ತೆ ಲಾಗ್ ನೋಡೋಕೆ ಹೋಗ್ತಾರೆ.

ಬಹಳ ದಿನ ನಾನು ಅದನ್ನು ಯಾವುದೋ ಕ್ಯಾಮೆರಾ ಟ್ರಿಕ್ಕು ಅಂದುಕೊಂಡಿದ್ದೆ. ಅಲ್ಲ. ಅದು ನಿಜವಾದ ಗೋಡೆ. ಎರಡು ಟನ್ ತೂಕ ಇತ್ತು ಅಂತ ಹೇಳ್ತಾರೆ. ಕಿಟಕಿಗೂ ಅವನ ಭುಜಕ್ಕೂ ಇದ್ದ ಅಂತರ ಕೆಲವೇ ಅಂಗುಲ. ನಿಲ್ಲಬೇಕಾದ ಜಾಗವನ್ನು ನೆಲದ ಮೇಲೆ ಮೊದಲೇ ಗುರುತು ಮಾಡಿದ್ದರು. ಲೆಕ್ಕ ಸ್ವಲ್ಪ ತಪ್ಪಿದ್ದರೂ ಸಿನಿಮಾವೂ ಇಲ್ಲ, ನಟನೂ ಇಲ್ಲ. ಆ ಚಿತ್ರ 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'. ಆ ಮನುಷ್ಯ ಬಸ್ಟರ್ ಕೀಟನ್.

ಹಳ್ಳಿಯಲ್ಲಿ ಬೆಳೆದ ನನಗೆ ಮೂಕಿ ಚಿತ್ರ ಅಂದರೆ ಚಾರ್ಲಿ ಚಾಪ್ಲಿನ್ ಒಬ್ಬನೇ. ಊರಿನ ಟಿವಿಯಲ್ಲಿ ಬಂದಿದ್ದೂ ಅವನೇ, ಸ್ಕೂಲ್ ಡೇ ದಿನ ಮೀಸೆ ಅಂಟಿಸಿಕೊಂಡು ಹುಡುಗರು ಆಡಿದ್ದೂ ಅವನನ್ನೇ. ಮಾತಿಲ್ಲದ ಸಿನಿಮಾ ಅಂದರೆ ಅದಾದ ಮೇಲೆ ನಮ್ಮ ಬೆಂಗಳೂರಲ್ಲೇ ತೆಗೆದ 'ಪುಷ್ಪಕ ವಿಮಾನ'. ಕೀಟನ್ ಹೆಸರು ಕೇಳಿದ್ದು ಕೆಲಸಕ್ಕೆ ಸೇರಿದ ಮೇಲೆ, ಅದೂ ಈ ವಿಡಿಯೊದಿಂದ. ಆಮೇಲೆ ಒಂದೊಂದೇ ಸಿನಿಮಾ ನೋಡುತ್ತಾ, ಅವನ ಬದುಕಿನ ಬಗ್ಗೆ ಓದುತ್ತಾ ಹೋದಂತೆ ಅದು ಒಬ್ಬ ನಟನ ಕಥೆ ಅನ್ನೋದಕ್ಕಿಂತ ನಮ್ಮ ವೃತ್ತಿಯವರ ಕಥೆ ಅಂತಲೇ ಅನ್ನಿಸೋಕೆ ಶುರುವಾಯಿತು. ಯಾಕೆ ಅಂತ ಹೇಳ್ತೀನಿ.

ಅವನ ನಿಜವಾದ ಹೆಸರು ಜೋಸೆಫ್ ಫ್ರಾಂಕ್ ಕೀಟನ್. ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಪಿಕ್ವಾ ಅನ್ನೋ ಪುಟ್ಟ ಊರಿನಲ್ಲಿ. ಅದು ಅವರ ಊರೇನಲ್ಲ. ಅಪ್ಪ ಜೋ, ಅಮ್ಮ ಮೈರಾ ಇಬ್ಬರೂ ಊರೂರು ಸುತ್ತೋ ಆಟದವರು. ಆಟದ ನಡುವೆ ಯಾವ ಊರಿನಲ್ಲಿದ್ದರೋ ಅಲ್ಲೇ ಹೆರಿಗೆಯಾಯಿತು. ಆಗ ಅಮೆರಿಕದಲ್ಲಿ ವಾಡ್ವಿಲ್ ಅನ್ನೋ ರಂಗಪ್ರಕಾರ ಜೋರಾಗಿತ್ತು. ನಮ್ಮ ಕಂಪನಿ ನಾಟಕದವರ ಹಾಗೇ ತಿರುಗಾಟ, ಆದರೆ ಒಂದೇ ಕಥೆ ಇರಲ್ಲ. ಹಾಡು, ಕುಣಿತ, ಜಾದೂ, ಲಾಗ, ತಮಾಷೆ, ಹೀಗೆ ತುಂಡು ತುಂಡು ಆಟಗಳು ಒಂದಾದ ಮೇಲೊಂದು. ಹಸುಗೂಸಾಗಿದ್ದಾಗ ಮೆಟ್ಟಿಲಿಂದ ಉರುಳಿಬಿದ್ದೂ ಏನೂ ಆಗದೆ ಎದ್ದು ಕೂತ ಅವನಿಗೆ ಪ್ರಸಿದ್ಧ ಜಾದೂಗಾರ ಹೂಡಿನಿ 'ಬಸ್ಟರ್' ಅಂತ ಹೆಸರಿಟ್ಟ ಅನ್ನೋದು ಕೀಟನ್ ಮನೆಯವರು ಹೇಳಿಕೊಂಡು ಬಂದ ಕಥೆ. ಆಗಿನ ರಂಗದವರ ಮಾತಿನಲ್ಲಿ ಬಸ್ಟರ್ ಅಂದರೆ ಜೋರಾಗಿ ಬೀಳೋದು. ಚರಿತ್ರೆಕಾರರು ಹೂಡಿನಿ ಭಾಗವನ್ನು ಪೂರ್ತಿ ನಂಬುವುದಿಲ್ಲ. ಬೀಳೋ ಭಾಗವನ್ನಂತೂ ಎಲ್ಲರೂ ನಂಬಲೇಬೇಕು.

ಯಾಕೆಂದರೆ ಅವನ ಬಾಲ್ಯವೆಲ್ಲ ಬೀಳೋದರಲ್ಲೇ ಕಳೆಯಿತು. 'ದಿ ತ್ರೀ ಕೀಟನ್ಸ್' ಅನ್ನೋ ಅವರ ಆಟದಲ್ಲಿ ಅಪ್ಪ ಮಗನನ್ನು ಎತ್ತಿ ಎತ್ತಿ ಎಸೆಯುತ್ತಿದ್ದ. ಪರದೆಗೆ, ಗೋಡೆಗೆ, ಕೆಲವು ಸಲ ಪ್ರೇಕ್ಷಕರ ಕಡೆಗೂ. ಹಿಡಿದು ಬಿಸಾಕೋಕೆ ಸುಲಭ ಆಗಲಿ ಅಂತ ಹುಡುಗನ ಬಟ್ಟೆಯ ಬೆನ್ನಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು. ಮಕ್ಕಳ ಮೇಲಿನ ಕ್ರೌರ್ಯ ತಡೆಯೋ ನ್ಯೂಯಾರ್ಕಿನ ಸಂಘದವರು ಈ ಕುಟುಂಬದ ಬೆನ್ನು ಬಿದ್ದಿದ್ದರು. ನನಗೆ ನೋವಾಗುತ್ತಿರಲಿಲ್ಲ, ಬೀಳೋದು ಹೇಗೆ ಅಂತ ಕಲಿತಿದ್ದೆ ಅಂತ ಬಸ್ಟರ್ ದೊಡ್ಡವನಾದ ಮೇಲೂ ಹೇಳುತ್ತಿದ್ದ. ನಮಗೆ ಇವತ್ತು ಓದುವಾಗ ಅಷ್ಟು ಸಲೀಸಾಗಿ ಒಪ್ಪಿಕೊಳ್ಳೋಕೆ ಆಗಲ್ಲ. ಆದರೆ ಅವನ ಮುಂದಿನ ಬದುಕಿಗೆ ಬೇಕಾದ ಒಂದು ಪಾಠ ಅಲ್ಲೇ ಸಿಕ್ಕಿತು. ಬಿದ್ದು ಎದ್ದ ಹುಡುಗ ತಾನೂ ನಕ್ಕರೆ ಜನ ನಗುತ್ತಿರಲಿಲ್ಲ. ಮುಖ ಗಂಟಾಗಿಟ್ಟುಕೊಂಡು ಎದ್ದು ನಿಂತರೆ ಥಿಯೇಟರ್ ಹಾರಿಹೋಗುವಷ್ಟು ನಗು. ಆವತ್ತಿಂದ ಅವನು ಆಟದಲ್ಲಿ ನಗೋದನ್ನೇ ಬಿಟ್ಟ. ಮುಂದೆ ಜಗತ್ತು ಅವನನ್ನು 'ಕಲ್ಲುಮೊಗದವನು' ಅಂತಲೇ ಕರೆಯಿತು.

ಬರಬರುತ್ತಾ ಅಪ್ಪನ ಕುಡಿತ ಹೆಚ್ಚಾಯಿತು. ಕುಡಿದವನ ಕೈಯಲ್ಲಿ ಎಸೆಸಿಕೊಳ್ಳೋದು ನಿಜಕ್ಕೂ ಅಪಾಯ. 1917ರಲ್ಲಿ ತಾಯಿ ಮಗ ಆಟ ಮುರಿದು ಹೊರಬಂದರು. ಬಸ್ಟರ್‌ಗೆ ಆಗ 21 ವರ್ಷ. ನ್ಯೂಯಾರ್ಕಿನ ದೊಡ್ಡ ರಂಗಪ್ರದರ್ಶನವೊಂದರಲ್ಲಿ ವಾರಕ್ಕೆ 250 ಡಾಲರ್ ಸಂಬಳದ ಕೆಲಸ ಸಿಕ್ಕಿತ್ತು. ಅಷ್ಟರಲ್ಲಿ ಆಗಿನ ಜನಪ್ರಿಯ ಹಾಸ್ಯನಟ ರಾಸ್ಕೋ ಆರ್ಬಕಲ್ ಅವನನ್ನು ತನ್ನ ಸಿನಿಮಾ ಸ್ಟುಡಿಯೊಗೆ ಕರೆದ. ಅಲ್ಲಿ ಹೋದವನು ಮೊದಲು ಮಾಡಿದ್ದು ಕ್ಯಾಮೆರಾ ನೋಡಿದ್ದು. ಅದನ್ನು ಬಿಚ್ಚಿ, ಒಳಗೇನಿದೆ ಅಂತ ತಿಳಿದುಕೊಂಡು, ಮತ್ತೆ ಜೋಡಿಸಿದ ಅನ್ನೋ ಕಥೆ ಪ್ರಸಿದ್ಧ. ಮನೆಯ ರೇಡಿಯೊ ಬಿಚ್ಚಿ ಏಟು ತಿಂದ ನಮ್ಮಂಥವರಿಗೆ ಇದು ಹೇಳದೆಯೇ ಅರ್ಥವಾಗುತ್ತದೆ. 250 ಡಾಲರಿನ ಕೆಲಸ ಬಿಟ್ಟು ವಾರಕ್ಕೆ 40 ಡಾಲರಿಗೆ ಆರ್ಬಕಲ್ ಜೊತೆ ಸೇರಿಕೊಂಡ. ಮೊದಲ ಚಿತ್ರ 'ದಿ ಬುಚರ್ ಬಾಯ್'.

ನಡುವೆ ಮೊದಲ ಮಹಾಯುದ್ಧ. ಸೈನ್ಯಕ್ಕೆ ಸೇರಿ ಫ್ರಾನ್ಸಿಗೆ ಹೋದ, ಕಿವಿಗೆ ಸೋಂಕು ತಗುಲಿ ಕೇಳುವ ಶಕ್ತಿ ಸ್ವಲ್ಪ ಕಳೆದುಕೊಂಡು ಬಂದ. 1920ರಲ್ಲಿ ಆರ್ಬಕಲ್ ದೊಡ್ಡ ಚಿತ್ರಗಳಿಗೆ ಹೋದಾಗ, ನಿರ್ಮಾಪಕ ಜೋಸೆಫ್ ಶೆಂಕ್ ಬಸ್ಟರ್‌ಗೇ ಒಂದು ಘಟಕ ಮಾಡಿಕೊಟ್ಟ. ಹಿಂದೊಮ್ಮೆ ಚಾಪ್ಲಿನ್ ಕೆಲಸ ಮಾಡಿದ್ದ ಸ್ಟುಡಿಯೊ ಜಾಗವೇ ಈಗ ಕೀಟನ್ ಸ್ಟುಡಿಯೊ ಆಯಿತು.

ಆ ವರ್ಷ ಬಂದ 'ಒನ್ ವೀಕ್' ಅನ್ನೋ ಇಪ್ಪತ್ತು ನಿಮಿಷದ ಚಿತ್ರ ನೋಡಿ. ಹೊಸದಾಗಿ ಮದುವೆಯಾದ ಜೋಡಿಗೆ ಉಡುಗೊರೆಯಾಗಿ ಬಿಡಿಭಾಗಗಳ ಮನೆ ಸಿಗುತ್ತದೆ. ಪೆಟ್ಟಿಗೆಗಳ ಮೇಲಿನ ನಂಬರಿನ ಪ್ರಕಾರ ಜೋಡಿಸಿಕೊಂಡರಾಯಿತು. ಹೊಟ್ಟೆಕಿಚ್ಚಿನ ಒಬ್ಬ ಆ ನಂಬರುಗಳನ್ನೇ ಬದಲಿಸಿಬಿಡುತ್ತಾನೆ. ಇವನು ನಿಯತ್ತಾಗಿ ಸೂಚನೆಯಂತೆಯೇ ಕಟ್ಟುತ್ತಾ ಹೋಗುತ್ತಾನೆ, ಮನೆ ಸೊಟ್ಟ ಸೊಟ್ಟವಾಗಿ ಏಳುತ್ತದೆ. ಗಾಳಿ ಬಂದರೆ ಬುಗುರಿಯ ಹಾಗೆ ತಿರುಗುತ್ತದೆ. ಅದಕ್ಕಾಗಿ ನಿಜವಾದ ಮನೆಯನ್ನೇ ತಿರುಗುವ ಹಾಸಿನ ಮೇಲೆ ಕಟ್ಟಿಸಿದ್ದ. ಕೊನೆಗೆ ಮನೆ ಎಳೆದುಕೊಂಡು ಹೋಗುವಾಗ ರೈಲುಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ರೈಲು ಬರುತ್ತದೆ, ಗಂಡ ಹೆಂಡತಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ರೈಲು ಪಕ್ಕದ ಹಳಿಯಲ್ಲಿ ಹೋಗಿಬಿಡುತ್ತದೆ. ಅಬ್ಬಾ ಅನ್ನುವಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ರೈಲು ಬಂದು ಮನೆಯನ್ನು ಪುಡಿಪುಡಿ ಮಾಡುತ್ತದೆ. ತಪ್ಪು ಕಾನ್ಫಿಗರೇಶನ್ ಫೈಲ್ ನಂಬಿಕೊಂಡು ಮೂರು ದಿನ ಒದ್ದಾಡಿದವರು ಈ ಚಿತ್ರ ನೋಡಿ ಅಳಬೇಕೋ ನಗಬೇಕೋ ಗೊತ್ತಾಗಲ್ಲ.

ಮುಂದಿನ ಎಂಟು ವರ್ಷ ಅವನದು. 1921ರ 'ದಿ ಪ್ಲೇಹೌಸ್'ನಲ್ಲಿ ಒಂದೇ ದೃಶ್ಯದಲ್ಲಿ ಒಂಬತ್ತು ಜನ ಬಸ್ಟರ್‌ಗಳು ಸಾಲಾಗಿ ಕಾಣಿಸಿಕೊಳ್ಳುತ್ತಾರೆ. ಆಗ ಕಂಪ್ಯೂಟರ್ ಎಲ್ಲಿ ಬಂತು? ಲೆನ್ಸಿನ ಒಂದು ಪಟ್ಟಿ ಮಾತ್ರ ತೆರೆದು ಉಳಿದಿದ್ದನ್ನು ಮುಚ್ಚಿ, ಒಬ್ಬನನ್ನು ತೆಗೆದು, ಫಿಲ್ಮು ಹಿಂದಕ್ಕೆ ಸುತ್ತಿ, ಮುಂದಿನ ಪಟ್ಟಿ ತೆರೆದು ಇನ್ನೊಬ್ಬನನ್ನು ತೆಗೆಯಬೇಕು. ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದ ಕಾಲ. ಪ್ರತಿಸಲವೂ ಒಂದೇ ವೇಗದಲ್ಲಿ ತಿರುಗಿಸದಿದ್ದರೆ ಎಲ್ಲ ಕೆಡುತ್ತದೆ. ಆ ಕೆಲಸ ಮಾಡಿದ ಛಾಯಾಗ್ರಾಹಕ ಎಲ್ಜಿನ್ ಲೆಸ್ಲಿಯ ಕೈಯನ್ನು ಮೆಚ್ಚಲೇಬೇಕು. 1924ರ 'ಶೆರ್ಲಾಕ್ ಜೂನಿಯರ್'ನಲ್ಲಿ ಕೀಟನ್ ಟಾಕೀಸಿನ ಪ್ರೊಜೆಕ್ಟರ್ ಆಪರೇಟರ್. ನಿದ್ದೆಗೆ ಜಾರಿ, ಕನಸಿನಲ್ಲಿ ಎದ್ದುಹೋಗಿ ಪರದೆಯೊಳಕ್ಕೇ ನುಗ್ಗುತ್ತಾನೆ. ಅವನು ನಿಂತ ಹಾಗೇ ಸುತ್ತಲಿನ ದೃಶ್ಯ ಮಾತ್ರ ತೋಟ, ಬೀದಿ, ಬೆಟ್ಟದ ಅಂಚು, ಸಮುದ್ರ ಅಂತ ಬದಲಾಗುತ್ತಾ ಹೋಗುತ್ತದೆ. ಪ್ರತಿ ಜಾಗದಲ್ಲೂ ಅವನು ಕ್ಯಾಮೆರಾದಿಂದ ಅಷ್ಟೇ ದೂರ ನಿಲ್ಲಬೇಕು ಅಂತ ಸರ್ವೆ ಮಾಡುವ ಉಪಕರಣ ಇಟ್ಟು ಅಳೆದಿದ್ದರು. ಅದೇ ಚಿತ್ರದಲ್ಲಿ ರೈಲ್ವೆ ನೀರಿನ ಟ್ಯಾಂಕಿನ ಕೆಳಗೆ ಜೋತುಬಿದ್ದಾಗ ನೀರಿನ ಹೊಡೆತಕ್ಕೆ ಹಳಿಯ ಮೇಲೆ ಬಿದ್ದು ಕತ್ತಿಗೆ ಪೆಟ್ಟಾಯಿತು. ಕೆಲವು ದಿನ ತಲೆನೋವು ಅಂದ, ಮತ್ತೆ ಕೆಲಸಕ್ಕೆ ಬಂದ. ಎಷ್ಟೋ ವರ್ಷಗಳ ಮೇಲೆ ಎಕ್ಸ್‌ರೇ ನೋಡಿದ ಡಾಕ್ಟರು ಕೇಳಿದಾಗಲೇ ಗೊತ್ತಾಗಿದ್ದು, ಅವತ್ತು ಕತ್ತಿನ ಮೂಳೆ ಮುರಿದಿತ್ತು ಅಂತ!

ಅವರ ತಂಡ ಕೆಲಸ ಮಾಡುತ್ತಿದ್ದ ರೀತಿಯನ್ನು ಇಲ್ಲಿ ಹೇಳಬೇಕು, ಮುಂದಿನ ಕಥೆಗೆ ಅದೇ ಮುಖ್ಯ. ಬರೆದ ಸ್ಕ್ರಿಪ್ಟ್ ಅನ್ನೋದೇ ಇರುತ್ತಿರಲಿಲ್ಲ. ನಾಲ್ಕೈದು ಜನ ಕೂತು ಕಥೆಗೆ ಒಂದು ಶುರು, ಒಂದು ಕೊನೆ ಸಿಕ್ಕಿದ ಕೂಡಲೇ ಹೊರಡುತ್ತಿದ್ದರು. ನಡುವಿನದು ತಾನೇ ಆಗುತ್ತದೆ ಅನ್ನೋ ನಂಬಿಕೆ. ಶೂಟಿಂಗ್ ನಡುವೆ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕ್ಯಾಮೆರಾ ನಿಲ್ಲಿಸಿ ಬೇಸ್‌ಬಾಲ್ ಆಡುತ್ತಿದ್ದರು. ಆಡುತ್ತಿದ್ದಾಗ ಯಾರಿಗೋ ಹೊಳೆಯುತ್ತಿತ್ತು, ಬ್ಯಾಟು ಬಿಸಾಕಿ ಮತ್ತೆ ಕೆಲಸ. ಮುಗಿದ ಮೇಲೆ ಊರ ಟಾಕೀಸಿನಲ್ಲಿ ಸುಮ್ಮನೆ ಹಾಕಿ ಜನ ಎಲ್ಲಿ ನಗುತ್ತಾರೆ, ಎಲ್ಲಿ ಇಲ್ಲ ನೋಡಿ ತಿದ್ದುತ್ತಿದ್ದರು. ಸಣ್ಣ ತಂಡ, ಬೇಗ ಬೇಗ ಪರೀಕ್ಷೆ, ತಪ್ಪಿದರೆ ಇನ್ನೊಂದು ಸಲ. ನಾವು ಈಗ ಇದಕ್ಕೆ ದೊಡ್ಡ ಹೆಸರಿಟ್ಟು ಟ್ರೈನಿಂಗ್ ಕೊಡ್ತೀವಿ.

ಇದರ ಶಿಖರ ಅಂದರೆ 'ದಿ ಜನರಲ್'. 1862ರ ಏಪ್ರಿಲ್‌ನಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಉತ್ತರದ ಕಡೆಯವರು ಜಾರ್ಜಿಯಾದಲ್ಲಿ ಜನರಲ್ ಅನ್ನೋ ಹೆಸರಿನ ರೈಲು ಇಂಜಿನ್ ಕದ್ದು ಓಡಿಸಿದ ನಿಜ ಘಟನೆ ಅದರ ಮೂಲ. ಕೀಟನ್ ಇಂಜಿನ್ ಕಳೆದುಕೊಂಡ ದಕ್ಷಿಣದ ಡ್ರೈವರ್ ಆಗಿ, ಒಬ್ಬನೇ ಬೆನ್ನಟ್ಟಿಹೋಗುತ್ತಾನೆ. (ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟ ಕಡೆಯವನನ್ನು ನಾಯಕನಾಗಿ ಮಾಡಿದ್ದು ಇವತ್ತು ನೋಡುವಾಗ ಚುಚ್ಚುತ್ತದೆ, ಅದನ್ನು ಮುಚ್ಚಿಡೋದು ಬೇಡ.) ಹಳೆಯ ಉಗಿಬಂಡಿಗಳು ಇನ್ನೂ ಓಡುತ್ತಿದ್ದ ಓರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಅನ್ನೋ ಊರಿನಲ್ಲಿ 1926ರ ಬೇಸಿಗೆಯಲ್ಲಿ ಶೂಟಿಂಗ್ ಆಯಿತು. ಅಲ್ಲಿನ ನ್ಯಾಷನಲ್ ಗಾರ್ಡ್‌ನ ನೂರಾರು ಸೈನಿಕರಿಗೆ ಒಂದು ಸಲ ಉತ್ತರದವರ ಸಮವಸ್ತ್ರ, ಇನ್ನೊಂದು ಸಲ ದಕ್ಷಿಣದವರದು ಹಾಕಿಸಿ ಎರಡೂ ಸೈನ್ಯ ಮಾಡಿಸಿದರು. ಇಂಜಿನಿನ ಕಿಡಿ ಹಾರಿ ಕಾಡಿಗೆ ಬೆಂಕಿ ಬಿದ್ದಾಗ ನಟರೂ ಸೈನಿಕರೂ ಸೇರಿ ಆರಿಸಿದರು. ಕೊನೆಯಲ್ಲಿ ಉರಿಯುವ ಮರದ ಸೇತುವೆ ಕುಸಿದು ಒಂದು ಇಡೀ ಇಂಜಿನ್ ನದಿಗೆ ಬೀಳುತ್ತದೆ. ಆಟಿಕೆ ಅಲ್ಲ, ನಿಜವಾದ ಇಂಜಿನ್. ಆ ಒಂದು ಶಾಟಿಗೆ 42,000 ಡಾಲರ್ ಖರ್ಚಾಯಿತು ಅಂತ ಹೇಳುತ್ತಾರೆ. ಮೂಕಿ ಯುಗದ ಅತಿ ದುಬಾರಿ ಶಾಟ್ ಅನ್ನೋ ಹೆಸರು ಅದಕ್ಕಿದೆ. ಇಂಜಿನ್ ಎರಡನೇ ಮಹಾಯುದ್ಧದಲ್ಲಿ ಗುಜರಿಗೆ ಎತ್ತುವ ತನಕ ಆ ಹೊಳೆಯಲ್ಲೇ ಬಿದ್ದಿತ್ತು.

ಸಿನಿಮಾ ಬಂದಾಗ ಏನಾಯಿತು ಗೊತ್ತಾ? ಬಿದ್ದುಹೋಯಿತು. ವಿಮರ್ಶಕರು ಬೈದರು. ಯುದ್ಧದಲ್ಲಿ ಸಾಯೋದನ್ನು ಹಾಸ್ಯ ಮಾಡಿದ್ದು ಕೆಲವರಿಗೆ ಹಿಡಿಸಲಿಲ್ಲ. ಖರ್ಚಾಗಿದ್ದಕ್ಕೆ ತಕ್ಕ ದುಡ್ಡು ವಾಪಸ್ ಬರಲಿಲ್ಲ. ಮುಂದಿನ ಚಿತ್ರಕ್ಕೆ ಖರ್ಚಿನ ಮೇಲೆ ಕಣ್ಣಿಡೋಕೆ ಮೇಲ್ವಿಚಾರಕರು ಬಂದು ಕೂತರು. 1928ರಲ್ಲಿ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಕೂಡ ಓಡಲಿಲ್ಲ.

ಈಗ ನಮ್ಮ ಕಥೆಗೆ ಬರ್ತೀನಿ. 'ಕೀಟನ್ ಸ್ಟುಡಿಯೊ' ಅಂತ ಬೋರ್ಡು ಇತ್ತಲ್ಲ, ಅದು ಕೀಟನ್‌ನದ್ದಾಗಿರಲಿಲ್ಲ. ಅವನಿಗೆ ಸಿಗುತ್ತಿದ್ದುದು ವಾರದ ಸಂಬಳ ಮತ್ತು ಲಾಭದಲ್ಲಿ ಒಂದು ಪಾಲು. ಸ್ಟುಡಿಯೊದ ಒಡೆತನ, ಚಿತ್ರಗಳ ಹಕ್ಕು ಎರಡೂ ಶೆಂಕ್ ಮತ್ತವನ ಪಾಲುದಾರರ ಕೈಯಲ್ಲಿ. ಚಾಪ್ಲಿನ್ ತನ್ನ ಸ್ಟುಡಿಯೊ ತಾನೇ ಕಟ್ಟಿಕೊಂಡಿದ್ದ, ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಯಲ್ಲಿ ಪಾಲುದಾರನಾಗಿದ್ದ. ಇನ್ನೊಬ್ಬ ದೊಡ್ಡ ಹಾಸ್ಯನಟ ಹೆರಾಲ್ಡ್ ಲಾಯ್ಡ್ ತನ್ನ ಚಿತ್ರಗಳ ಹಕ್ಕು ತಾನೇ ಇಟ್ಟುಕೊಂಡ. ಬಸ್ಟರ್ ಕೇಳಲೇ ಇಲ್ಲ. ಶೆಂಕ್ ಅವನ ಹೆಂಡತಿ ನಟಾಲಿಯ ಅಕ್ಕ ನಾರ್ಮಾ ಟಾಲ್ಮಡ್ಜ್‌ಳ ಗಂಡ. ಮನೆಯ ಜನ, ಮೋಸ ಮಾಡ್ತಾರಾ ಅನ್ನೋ ಭಾವನೆ ಇದ್ದಿರಬೇಕು. ಮೋಸ ಅಂತ ಹೇಳೋಕೂ ಆಗಲ್ಲ. ವ್ಯವಹಾರ ಲಾಭ ಕೊಡದಿದ್ದಾಗ ಶೆಂಕ್ ಘಟಕ ಮುಚ್ಚಿದ, ಬಸ್ಟರ್‌ನನ್ನು ತನ್ನ ತಮ್ಮ ನಿಕೋಲಸ್ ನಡೆಸುತ್ತಿದ್ದ ಕಂಪನಿಯ ಎಂಜಿಎಂ ಸ್ಟುಡಿಯೊಗೆ ದಾಟಿಸಿದ. ಹಾಲಿವುಡ್ಡಿನ ಅತಿ ದೊಡ್ಡ, ಅತಿ ಶಿಸ್ತಿನ ಸಂಸ್ಥೆ. ಸಂಬಳ ವಾರಕ್ಕೆ 3,000 ಡಾಲರ್. ಬೇಡ, ಅಲ್ಲಿ ನಿನ್ನ ಕೈ ಕಟ್ಟಿಹಾಕ್ತಾರೆ ಅಂತ ಚಾಪ್ಲಿನ್‌ನೂ ಲಾಯ್ಡ್‌ನೂ ಎಚ್ಚರಿಸಿದರು. ಬಸ್ಟರ್ ಸಹಿ ಹಾಕಿದ. ತನ್ನ ಬದುಕಿನ ಅತಿ ದೊಡ್ಡ ತಪ್ಪು ಅದು ಅಂತ ಆಮೇಲೆ ತಾನೇ ಹೇಳಿಕೊಂಡ.

ಕೆಲವು ವರ್ಷಗಳ ಹಿಂದೆ ನಾನಿದ್ದ ಒಂಬತ್ತು ಜನರ ಸಣ್ಣ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು. ಸಂಬಳ ಹೆಚ್ಚಾಯಿತು, ಕ್ಯಾಂಟೀನು ಬಂತು, ಇನ್ಶೂರೆನ್ಸ್ ಬಂತು. ಒಂದು ಬಟನ್ ಬಣ್ಣ ಬದಲಿಸೋಕೆ ಮೂರು ಮೀಟಿಂಗೂ ಬಂತು. ಫೋನಿನಲ್ಲಿ ಅಪ್ಪನ ಹತ್ತಿರ ಹೇಳಿಕೊಂಡೆ. 'ಸಂಬಳ ಜಾಸ್ತಿ ಆಯ್ತಲ್ಲ ಮಗಾ, ಇನ್ನೇನಂತೆ ನಿಂಗೆ?' ಅಂದರು. ಉತ್ತರ ಕೊಡೋಕೆ ಆಗಲಿಲ್ಲ. ಮಳೆ ನೆಚ್ಚಿ ರಾಗಿ ಬೆಳೆದವರ ಮುಂದೆ ಇದನ್ನೆಲ್ಲ ಕಷ್ಟ ಅಂತ ಹೇಳೋಕೆ ನಾಚಿಕೆಯೂ ಆಯಿತು. ಅದೇ ಸಮಯದಲ್ಲೇ ನಾನು ಕೀಟನ್ ಬಗ್ಗೆ ಓದುತ್ತಿದ್ದುದು.

ಟಾಕಿ ಬಂದು ಕೀಟನ್ ಮುಳುಗಿದ ಅನ್ನೋದು ಸಾಮಾನ್ಯವಾಗಿ ಹೇಳುವ ಮಾತು. ತಪ್ಪು. ಅವನಿಗೆ ಶಬ್ದದ ಭಯ ಇರಲಿಲ್ಲ. ವಾಡ್ವಿಲ್‌ನಲ್ಲಿ ಮಾತು, ಹಾಡು ಎಲ್ಲ ಮಾಡಿದವನೇ. 1929ರ 'ಸ್ಪೈಟ್ ಮ್ಯಾರೇಜ್' ಚಿತ್ರವನ್ನು ಟಾಕಿ ಮಾಡೋಣ ಅಂತ ಅವನೇ ಕೇಳಿದ್ದ, ಎಂಜಿಎಂ ಒಪ್ಪಲಿಲ್ಲ. ಇನ್ನೂ ವಿಚಿತ್ರ ಅಂದರೆ ಎಂಜಿಎಂನಲ್ಲಿ ಅವನು ಮಾಡಿದ ಟಾಕಿಗಳು ದುಡ್ಡು ಮಾಡಿದವು, 'ದಿ ಜನರಲ್' ಮಾಡದಷ್ಟು ಲಾಭ ಮಾಡಿದವು. ಹೋಗಿದ್ದು ಕೆಲಸದ ರೀತಿ. ಅಲ್ಲಿ ಮೊದಲ ಚಿತ್ರ 'ದಿ ಕ್ಯಾಮೆರಾಮನ್'ಗೆ ಇಪ್ಪತ್ತಕ್ಕೂ ಹೆಚ್ಚು ಜನ ಕಥೆ ಬರೆಯೋಕೆ ಕೂತಿದ್ದರು ಅಂತ ಅವನು ನೆನೆಸಿಕೊಂಡಿದ್ದಾನೆ. ನ್ಯೂಯಾರ್ಕ್ ಬೀದಿಯಲ್ಲಿ ಶೂಟಿಂಗಿಗೆ ಹೋದರೆ ಜನ ಮುತ್ತಿಕೊಂಡು ಸ್ಕ್ರಿಪ್ಟ್ ಪ್ರಕಾರ ಏನೂ ಮಾಡೋಕಾಗಲಿಲ್ಲ. ಆಗ ನಿರ್ಮಾಣದ ಮುಖ್ಯಸ್ಥ ಅರ್ವಿಂಗ್ ಥಾಲ್ಬರ್ಗ್‌ನನ್ನು ಒಪ್ಪಿಸಿ ಸ್ಕ್ರಿಪ್ಟಿನ ಬಹುಪಾಲು ಪಕ್ಕಕ್ಕಿಟ್ಟ, ತನ್ನ ಹಳೆಯ ರೀತಿಯಲ್ಲೇ ಮುಗಿಸಿದ. ಚಿತ್ರ ಗೆದ್ದಿತು. ಹೊಸ ಹಾಸ್ಯ ಬರಹಗಾರರಿಗೆ ಪಾಠದ ಹಾಗೆ ಅದನ್ನೇ ಎಂಜಿಎಂ ಎಷ್ಟೋ ವರ್ಷ ತೋರಿಸುತ್ತಿತ್ತು. ಆದರೆ ಅದನ್ನು ಮಾಡಿದ ರೀತಿಯಲ್ಲಿ ಇನ್ನೊಂದು ಮಾಡೋಕೆ ಬಿಡಲಿಲ್ಲ. ಒಂದೊಂದು ಐಡಿಯಾಗೂ ಒಪ್ಪಿಗೆ, ಒಪ್ಪಿಗೆಗೂ ಮೊದಲು ಕಾಗದದ ಮೇಲೆ ವಿವರಣೆ. ಬಿದ್ದರೆ ನಗು ಬರುತ್ತದೆ ಅನ್ನೋದನ್ನು ಬೀಳದೆ ಹೇಗೆ ವಿವರಿಸೋದು?

ಆದರೆ ದೊಡ್ಡ ಕಂಪನಿಯನ್ನೇ ಖಳನಾಯಕ ಮಾಡಿಬಿಟ್ಟರೆ ಕಥೆ ಸುಳ್ಳಾಗುತ್ತದೆ. ಅಪ್ಪನಿಂದ ಓಡಿಬಂದವನು ಅಪ್ಪನ ಹಾದಿಯನ್ನೇ ಹಿಡಿದ. ಕುಡಿತ ವಿಪರೀತವಾಯಿತು. ಸೆಟ್ಟಿಗೆ ಬಾರದ ದಿನಗಳು ಹೆಚ್ಚಾದವು. ಮದುವೆ ಮೊದಲೇ ಹಳಸಿತ್ತು. 1932ರಲ್ಲಿ ವಿಚ್ಛೇದನ ಆಯಿತು. ಭಾರೀ ಬಂಗಲೆ ಹೋಯಿತು, ಇಬ್ಬರು ಗಂಡುಮಕ್ಕಳು ತಾಯಿಯ ಜೊತೆ ಹೋದರು, ಅವರ ಮನೆತನದ ಹೆಸರೂ ಬದಲಾಯಿತು. 1933ರಲ್ಲಿ ಎಂಜಿಎಂ ಅವನನ್ನು ಕೆಲಸದಿಂದ ತೆಗೆಯಿತು. ಆಗ ಅವನಿಗೆ 37 ವರ್ಷ. ನಾನು ಇದನ್ನು ಬರೆಯುವಾಗ ನನಗೂ ಹೆಚ್ಚುಕಮ್ಮಿ ಅಷ್ಟೇ. ಸಣ್ಣ ಬಜೆಟ್ಟಿನ ಚಿತ್ರಗಳು, ಆಸ್ಪತ್ರೆ, ಮತ್ತೆ ಸಣ್ಣ ಚಿತ್ರಗಳು, ಹೀಗೆ ಕೆಲವು ಕೆಟ್ಟ ವರ್ಷಗಳು ಹೋದವು.

ಬಹಳ ಜನ ಅವನ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಬೇಕಾಗಿದ್ದದ್ದು ಇದರ ಮುಂದಿನ ಭಾಗ.

1937ರಲ್ಲಿ ಕೀಟನ್ ಅದೇ ಎಂಜಿಎಂ ಗೇಟಿನೊಳಗೆ ಮತ್ತೆ ಹೋದ. ಈ ಸಲ ನಟನಾಗಿ ಅಲ್ಲ, ಬೇರೆಯವರ ಚಿತ್ರಗಳಿಗೆ ತಮಾಷೆ ಹೊಸೆದುಕೊಡುವ ಕೆಲಸಗಾರನಾಗಿ. ಸಂಬಳ ವಾರಕ್ಕೆ 100 ಡಾಲರ್. 3,000 ತೆಗೆದುಕೊಳ್ಳುತ್ತಿದ್ದ ಜಾಗದಲ್ಲೇ 100. ಮಾರ್ಕ್ಸ್ ಸಹೋದರರಿಗೆ, ರೆಡ್ ಸ್ಕೆಲ್ಟನ್‌ಗೆ ಅವನು ಐಡಿಯಾ ಕೊಟ್ಟ. ಮುಂದೆ ಟಿವಿಯ ಮಹಾರಾಣಿಯಾದ ಲೂಸಿಲ್ ಬಾಲ್‌ಗೆ ವಸ್ತುಗಳ ಜೊತೆ ತಮಾಷೆ ಮಾಡೋದು ಹೇಗೆ ಅಂತ ಹೇಳಿಕೊಟ್ಟ. ತನ್ನದೇ 'ದಿ ಜನರಲ್'ನ ಎಳೆ ಇಟ್ಟುಕೊಂಡ 1948ರ 'ಎ ಸದರ್ನ್ ಯಾಂಕಿ'ಯಲ್ಲಿ ಸ್ಕೆಲ್ಟನ್‌ಗೆ ನಗೆಪ್ರಸಂಗಗಳನ್ನು ಮಾಡಿಕೊಟ್ಟ. ನಾನು ಬರೆದ ಕೋಡನ್ನು ಬೇರೆ ಟೀಮಿಗೆ ಕೊಟ್ಟಾಗ ನಾಲ್ಕು ದಿನ ಮುಖ ಊದಿಸಿಕೊಂಡಿದ್ದೆ. ಇದನ್ನು ಓದಿದ ಮೇಲೆ ನಾಚಿಕೆಯಾಯಿತು.

ಆ ಸ್ಟುಡಿಯೊದಲ್ಲೇ ನೃತ್ಯಗಾರ್ತಿಯಾಗಿದ್ದ ಎಲೆನರ್ ನಾರಿಸ್‌ಳನ್ನು 1940ರಲ್ಲಿ ಮದುವೆಯಾದ. ಅವಳಿಗೆ 21, ಅವನಿಗೆ 44. ಇದು ಉಳಿಯಲ್ಲ ಅಂತ ಎಲ್ಲರೂ ಹೇಳಿದರು. ಅವನ ಕೊನೆಯ ದಿನದವರೆಗೂ ಉಳಿಯಿತು. ಬದುಕು ನಿಧಾನವಾಗಿ ಹಳಿಗೆ ಬಂತು. 1947ರಲ್ಲಿ ಪ್ಯಾರಿಸ್ಸಿನ ಮೆಡ್ರಾನೊ ಸರ್ಕಸ್ಸಿನಲ್ಲಿ ಆಡಿದ. 1949ರ ಸೆಪ್ಟೆಂಬರ್‌ನಲ್ಲಿ 'ಲೈಫ್' ಪತ್ರಿಕೆಯಲ್ಲಿ ಜೇಮ್ಸ್ ಏಜಿ ಮೂಕಿ ಹಾಸ್ಯದ ಬಗ್ಗೆ ದೊಡ್ಡ ಲೇಖನ ಬರೆದು ಕೀಟನ್‌ನನ್ನು ಚಾಪ್ಲಿನ್, ಲಾಯ್ಡ್ ಸಾಲಿನಲ್ಲಿ ನಿಲ್ಲಿಸಿದಾಗ ಜನಕ್ಕೆ ಮತ್ತೆ ನೆನಪಾಯಿತು. 1950ರ 'ಸನ್‌ಸೆಟ್ ಬುಲೆವಾರ್ಡ್'ನಲ್ಲಿ ಇಸ್ಪೀಟು ಆಡುವ ಮಾಜಿ ತಾರೆಯಾಗಿ ಒಂದು ಗಳಿಗೆ ಬಂದುಹೋದ. 1952ರ 'ಲೈಮ್‌ಲೈಟ್'ನಲ್ಲಿ ಚಾಪ್ಲಿನ್ ಜೊತೆ ನಟಿಸಿದ. ಇಬ್ಬರೂ ಜೊತೆಯಾಗಿ ನಟಿಸಿದ ಒಂದೇ ಚಿತ್ರ ಅದು.

ಹಳೆಯ ಚಿತ್ರಗಳೂ ಒಂದೊಂದಾಗಿ ಹೊರಬಂದವು. ಕೀಟನ್ ಕಳೆದುಕೊಂಡ ಬಂಗಲೆಯನ್ನು ಆಮೇಲೆ ಕೊಂಡಿದ್ದ ನಟ ಜೇಮ್ಸ್ ಮೇಸನ್‌ಗೆ ಅಲ್ಲೇ ಅವನ ಚಿತ್ರಗಳ ರೀಲುಗಳು ಸಿಕ್ಕವು. ಪ್ರದರ್ಶಕ ರೇಮಂಡ್ ರೋಹಾವರ್ ರೀಲುಗಳನ್ನು ಉಳಿಸಿ ಮತ್ತೆ ತೋರಿಸೋಕೆ ಓಡಾಡಿದ. 1957ರಲ್ಲಿ ಪ್ಯಾರಾಮೌಂಟ್ ಅವನ ಜೀವನದ ಮೇಲೆ ಒಂದು ಸಿನಿಮಾ ಮಾಡಿತು. ಸಿನಿಮಾ ಕೆಟ್ಟದಾಗಿತ್ತು, ನಿಜಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಹಕ್ಕಿಗೆ ಬಂದ ದುಡ್ಡಿನಲ್ಲಿ ಗಂಡ ಹೆಂಡತಿ ಒಂದು ಪುಟ್ಟ ಮನೆ ಕೊಂಡರು. 1960ರಲ್ಲಿ ಗೌರವ ಆಸ್ಕರ್ ಬಂತು. 1964ರಲ್ಲಿ ಸ್ಯಾಮ್ಯುಯೆಲ್ ಬೆಕೆಟ್ ಬರೆದ 'ಫಿಲ್ಮ್' ಅನ್ನೋ ಕಿರುಚಿತ್ರದಲ್ಲಿ ಹೆಚ್ಚುಕಮ್ಮಿ ಕೊನೆಯವರೆಗೂ ಕ್ಯಾಮೆರಾಗೆ ಬೆನ್ನು ಹಾಕಿಯೇ ನಟಿಸಿದ. ಜಗತ್ತಿನ ಅತಿ ಪ್ರಸಿದ್ಧ ಮುಖಗಳಲ್ಲೊಂದನ್ನು ಕರೆಸಿ ಬೆನ್ನು ತೋರಿಸು ಅಂದರೆ, ಸರಿ ಅಂದ. 1965ರ ವೆನಿಸ್ ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅದೇ ಹೊತ್ತಿಗೆ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ಗಾಗಿ 'ದಿ ರೈಲ್‌ರಾಡರ್' ಅಂತ ಒಂದು ಚಿಕ್ಕ ಚಿತ್ರ ಮಾಡಿದ. ಹಳಿ ತಪಾಸಣೆಯ ಪುಟ್ಟ ಮೋಟಾರು ಬಂಡಿಯಲ್ಲಿ ಒಬ್ಬನೇ ಇಡೀ ಕೆನಡಾ ದಾಟುತ್ತಾನೆ, ಮಾತಿಲ್ಲ. ಅದರ ಶೂಟಿಂಗ್ ಮೇಲೆ ಇನ್ನೊಂದು ಸಾಕ್ಷ್ಯಚಿತ್ರವೂ ಇದೆ. ಎತ್ತರದ ರೈಲು ಸೇತುವೆ ಮೇಲೆ ಬಂಡಿ ಓಡುವಾಗ ದೊಡ್ಡ ನಕ್ಷೆ ಬಿಡಿಸಿ ಅದರಲ್ಲಿ ಸಿಕ್ಕಿಕೊಳ್ಳೋ ತಮಾಷೆ ಅವನಿಗೆ ಬೇಕು. ನಿರ್ದೇಶಕ ಜೆರಾಲ್ಡ್ ಪಾಟರ್ಟನ್‌ಗೆ ಹೆದರಿಕೆ. ಆಗ ಅವನಿಗೆ 69 ವರ್ಷ. ಮುದುಕ ಸಿಡಿಮಿಡಿಗೊಳ್ಳುತ್ತಾನೆ, ವಾದಿಸುತ್ತಾನೆ, ಹೇಗೆ ಮಾಡಬೇಕು ಅಂತ ಬಿಡಿಸಿ ಬಿಡಿಸಿ ಹೇಳುತ್ತಾನೆ, ಕೊನೆಗೆ ತನ್ನ ಹಟದಂತೆಯೇ ಮಾಡಿ ತೋರಿಸುತ್ತಾನೆ. ಪರದೆಯ ಮೇಲೆ ಆ ಮುಖ ಎಂದಿನಂತೆ ಕಲ್ಲು. ಶೂಟಿಂಗ್ ಇಲ್ಲದಾಗ ನೋಡಿದರೆ ಮನುಷ್ಯ ಚೆನ್ನಾಗಿ ನಗುತ್ತಾನೆ.

ಕೀಟನ್ ತೀರಿಕೊಂಡಿದ್ದು 1966ರ ಫೆಬ್ರವರಿ 1ರಂದು, ಶ್ವಾಸಕೋಶದ ಕ್ಯಾನ್ಸರ್‌ನಿಂದ. ಬಿದ್ದುಹೋದ ಚಿತ್ರ 'ದಿ ಜನರಲ್' 1972ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ವಿಮರ್ಶಕರಿಂದ ಮಾಡಿಸಿದ ಜಗತ್ತಿನ ಅತ್ಯುತ್ತಮ ಹತ್ತು ಚಿತ್ರಗಳ ಪಟ್ಟಿಯಲ್ಲಿತ್ತು. 1989ರಲ್ಲಿ ಅಮೆರಿಕ ಉಳಿಸಿಕೊಳ್ಳಲೇಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿ ಶುರುಮಾಡಿದಾಗ ಮೊದಲ 25ರಲ್ಲಿ ಸೇರಿತು. ಆ ಬೀಳುವ ಗೋಡೆಯನ್ನು ಜಾಕಿ ಚಾನ್ 1987ರ 'ಪ್ರಾಜೆಕ್ಟ್ ಎ' ಎರಡನೇ ಭಾಗದಲ್ಲಿ ಮತ್ತೆ ಬೀಳಿಸಿಕೊಂಡ. ಎಂಜಿಎಂ ಟಾಕಿಗಳು ಅವತ್ತು ಮಾಡಿದ ಲಾಭ ಈಗ ಯಾರ ನೆನಪಲ್ಲೂ ಇಲ್ಲ.

ಹಾಗಂತ ನಾನೇನೂ ಕೆಲಸ ಬಿಟ್ಟಿಲ್ಲ. ಗೃಹಸಾಲ ಇದೆ, ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮನ ಹೆಸರಿದೆ. ಕೀಟನ್ ಕಥೆಯಿಂದ ನಾನು ಮಾಡಿದ್ದು ಎರಡೇ. ಸಹಿ ಹಾಕೋ ಕಾಗದವನ್ನು ಕೊನೆಯ ಪುಟದವರೆಗೂ ಓದ್ತೀನಿ. ಮತ್ತೆ, ಗುರುವಾರ ಮಧ್ಯಾಹ್ನ ನಮ್ಮ ಹಳೆಯ ನಾಲ್ಕು ಜನ ಯಾವ ಟಿಕೆಟ್ಟೂ ಇಲ್ಲದೆ, ಯಾರ ಒಪ್ಪಿಗೆಯೂ ಕೇಳದೆ ಏನಾದರೊಂದು ಕಟ್ಟೋಕೆ ಕೂರ್ತೀವಿ. ಹೆಚ್ಚಿನವು ಸೊಟ್ಟ ಮನೆಗಳೇ ಆಗ್ತವೆ.

ಹೋದ ಯುಗಾದಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಅಪ್ಪನಿಗೆ 'ದಿ ಜನರಲ್' ಹಾಕಿಕೊಟ್ಟೆ. ಮಾತಿಲ್ಲವಲ್ಲ, ಇಂಗ್ಲಿಷಿನ ಗೋಜಿಲ್ಲ. ಪ್ರೀತಿಸಿದ ಹುಡುಗಿ ಬೈದುಹೋದ ಮೇಲೆ ಇಂಜಿನಿನ ಚಕ್ರದ ಪಕ್ಕದ ಸರಳಿನ ಮೇಲೆ ಮಂಕಾಗಿ ಕೂರುತ್ತಾನೆ. ಇಂಜಿನ್ ಹೊರಟು, ಅವನು ಗೊತ್ತಿಲ್ಲದೆ ಮೇಲೆ ಕೆಳಗೆ ಮೇಲೆ ಕೆಳಗೆ ಹೋಗುತ್ತಾ ಶೆಡ್ಡಿನೊಳಗೆ ಹೋಗಿಬಿಡುತ್ತಾನೆ. ಅಪ್ಪ ಕೆಮ್ಮು ಬರುವಷ್ಟು ನಕ್ಕರು. ಸೇತುವೆ ಮುರಿದು ಇಂಜಿನ್ ನೀರಿಗೆ ಬಿದ್ದಾಗ ಮಾತ್ರ ನಗಲಿಲ್ಲ, ಮುಂದಕ್ಕೆ ಬಗ್ಗಿದರು.

'ದಿಟದ್ದಾ ಅದು?'

'ದಿಟದ್ದೇ ಅಪ್ಪ.'

'ಅಷ್ಟೊಂದು ದುಡ್ಡು ಹಾಕವ್ನೆ. ವಾಪಸ್ ಬಂತಾ?'

'ಇಲ್ಲ. ಲುಕ್ಸಾನಾಯ್ತು. ಆಮೇಲೆ ಬೇರೆಯೋರ ಹತ್ರ ಸಂಬಳಕ್ಕೆ ಸೇರ್ಕೊಂಡ.'

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೊಗೆ, ನೀರು, ಮುರಿದ ಸೇತುವೆ ಎಲ್ಲವನ್ನೂ ಇನ್ನೊಂದು ಸಲ ನೋಡಿ, 'ಹೋಗ್ಲಿ ಬಿಡು. ಕೆಲಸ ಚೆನ್ನಾಗಿ ಮಾಡವ್ನೆ' ಅಂದರು.